ಅಪ್ಪ ಕೊಳ್ಳದ ಕಂಪನಿಯ ಅಳಿಯ

ನನ್ನನ್ನು ನೋಡಲು ಬಂದ ಹುಡುಗ ಯಾವ ಕಂಪನಿಯಲ್ಲಿದ್ದಾನೆ ಎಂಬುದು ಅಪ್ಪನಿಗೆ ಗೊತ್ತಾದದ್ದು ಅವಲಕ್ಕಿಯ ತಟ್ಟೆಗಳು ಖಾಲಿಯಾದ ಮೇಲೆ. ಈ ಸಂಬಂಧ ತಂದಿದ್ದ ನನ್ನ ಸೋದರಮಾವ ಅದನ್ನು ಬೇಕೆಂದೇ ಮುಚ್ಚಿಟ್ಟಿದ್ದ. "ಸೇಲ್ಸಿನಾಗ ಅದಾನ, ದೊಡ್ಡ ಕಂಪನಿ, ಬೆಳಗಾವ್ಯಾಗಽ ಇರತಾನ" ಎಂದಷ್ಟೇ ಹೇಳಿದ್ದ. ಹೆಸರು ಹೇಳಿದ್ದರೆ ಅಪ್ಪ ಬಾಗಿಲಿಂದಲೇ ಕಳಿಸಿಬಿಡುತ್ತಾನೆಂದು ಅವನ ಹೆದರಿಕೆ.

ಆ ಹೆದರಿಕೆಗೆ ಕಾರಣವಿತ್ತು. ಅಪ್ಪ ಖಾನಾಪುರದ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಯಾವ ಪಕ್ಷದ ಸದಸ್ಯನೂ ಅಲ್ಲ, ಸಭೆಗೆ ಹೋದವನಲ್ಲ, ಕೊರಳಿಗೆ ಶಾಲು ಹಾಕಿಕೊಂಡವನಲ್ಲ. ಆದರೆ ಅವನಿಗೆ ಬೇಕಾದ ಪಕ್ಷ ಒಂದಿತ್ತು, ಬೇಡವಾದ ಪಕ್ಷ ಒಂದಿತ್ತು. ಒಂದು ಚುನಾವಣೆಯ ಹೊತ್ತಿನಲ್ಲಿ, ಸಾಬೂನಿನಿಂದ ಹಿಡಿದು ಅಡುಗೆ ಎಣ್ಣೆಯವರೆಗೆ ಮನೆಬಳಕೆಯ ಸಾಮಾನನ್ನೆಲ್ಲ ಮಾಡುವ ದೊಡ್ಡ ಕಂಪನಿಯೊಂದು ಆ ಬೇಡವಾದ ಪಕ್ಷಕ್ಕೆ ಕೈಬಿಚ್ಚಿ ದೇಣಿಗೆ ಕೊಟ್ಟಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಮಾಲೀಕ ಆ ಪಕ್ಷದ ವೇದಿಕೆಯ ಮೇಲೆ ಕೂತ ಚಿತ್ರವೂ ಇತ್ತು. ಅಪ್ಪ ಅದನ್ನು ಓದಿ, ಪತ್ರಿಕೆ ಮಡಿಚಿಟ್ಟು, ಬಚ್ಚಲಿಗೆ ಹೋಗಿ ಸಾಬೂನಿನ ಮೇಲಿನ ಹೆಸರು ನೋಡಿ ಬಂದ.

"ನಾ ವೋಟು ಒಂದ ಕಡೆ ಹಾಕತೀನಿ. ನನ್ನ ಸಾಬಣದ ರೊಕ್ಕ ಹೋಗಿ ಇನ್ನೊಂದ ಕಡೆ ಬೀಳತೈತಿ. ಇದ್ಯಾವ ಶಾಣ್ಯಾತನ?" ಎಂದ.

ಅಷ್ಟೇ. ಮರುದಿನದಿಂದ ಆ ಕಂಪನಿಯ ಸಾಮಾನು ನಮ್ಮ ಮನೆಗೆ ಬರುವುದು ನಿಂತಿತು. ಯಾರಿಗೂ ಉಪದೇಶ ಮಾಡಲಿಲ್ಲ. ಅಂಗಡಿಯಲ್ಲಿ ಪೊಟ್ಟಣ ತಿರುವಿ, ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಮೇಲೇರಿಸಿ ಓದಿ, ಒಪ್ಪಿಗೆಯಾದರೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ, ಇಲ್ಲವಾದರೆ ಅಲ್ಲೇ ಇಟ್ಟು ಬರುತ್ತಿದ್ದ. ಅಂಗಡಿಯವರಿಗೆ ರೂಢಿಯಾಗಿತ್ತು. ಅವ್ವನಿಗೆ ಮಾತ್ರ ಆಗಿರಲಿಲ್ಲ. ಅವಳ ತವರು ಗಡಿಯಾಚೆ ಚಂದಗಡದ ಕಡೆ. ಸಿಟ್ಟು ಬಂದಾಗ ಅವಳ ಬಾಯಲ್ಲಿ ಮರಾಠಿಯೇ ಬರುವುದು. "ಕಾಯ್ ಕಟಕಟ ಹೀ!", ಏನು ಕಾಟವಿದು, ಎಂದು ಗೊಣಗುತ್ತ, ನೊರೆ ಬಾರದ ಸಾಬೂನಿನಲ್ಲಿ ಅಪ್ಪನ ಧೋತರ ತಿಕ್ಕುತ್ತಿದ್ದಳು.

ಅಂಥ ಮನೆಗೆ ಅದೇ ಕಂಪನಿಯ ಸೇಲ್ಸ್ ಆಫೀಸರ್ ಹೆಣ್ಣು ನೋಡಲು ಬಂದು ಕೂತಿದ್ದ.

"ಯಾವ ಕಂಪನಿ ಅಂದ್ರಿ?" ಎಂದು ಅಪ್ಪ ಕೇಳಿದ. ಹುಡುಗ ಹೇಳಿದ. ಸೋದರಮಾವ ಗೋಡೆಯ ಮೇಲಿನ ಬಸವಣ್ಣನ ಫೋಟೋ ನೋಡುತ್ತ ಕೂತ. ನಾನು ಎಲ್ಲರಿಗೂ ಚಹಾ ಕೊಟ್ಟು, ಖಾಲಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಆ ಕಂಪನಿ ಸಾಮಾನು ನಮ್ಮ ಮನಿಗೆ ತರೂದಿಲ್ರಿ ನಾವು" ಎಂದು ಅಪ್ಪ ಕಾರಣವನ್ನೂ ಹೇಳಿದ. "ಮೊದಲ ಹೇಳಿರಬೇಕಲ್ಲ ನಿಮಗ?"

"ಇಲ್ರಿ, ಯಾರೂ ಹೇಳಿಲ್ಲ" ಎಂದ ಹುಡುಗ, ಕೈಯಲ್ಲಿದ್ದ ಚಹಾದ ಕಪ್ಪನ್ನು ನೋಡಿ ಕೆಳಗಿಟ್ಟ. ಆಮೇಲೆ, "ಒಂದ ಮಾತ ಹೇಳ್ಲೇನ್ರಿ? ಒಳಗ ಕಟ್ಟಿ ಮ್ಯಾಲ ಚಹಾಪುಡಿ ಪಾಕೀಟು ಕಾಣಾಕತ್ತೈತಿ. ಅದೂ ನಮ್ಮದಽ ಐತ್ರಿ. ಮೊದಲ ಬ್ಯಾರೆಯವರದಿತ್ತು. ಹ್ವಾದ ವರ್ಷ ನಮ್ಮವರು ತಗೊಂಡಾರ. ಹೆಸರು ಹಳೇದಽ ಇಟ್ಟಾರ" ಎಂದ.

ಅಪ್ಪನ ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅದನ್ನೊಮ್ಮೆ ನೋಡಿದ. "ಕಾಸಿದ್ದನ್ನ ಚೆಲ್ಲಾಕ ಬರೂದಿಲ್ಲ" ಎಂದು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ. ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಗನ ಊರು, ಮನೆತನ, ತಾಯಿಯ ಆರೋಗ್ಯ ಎಲ್ಲ ವಿಚಾರಿಸಿದ. ಅವರು ಹೋದ ಮೇಲೆ ಸೋದರಮಾವ ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ್ದ. ಅಪ್ಪ ಬೈಯಲಿಲ್ಲ.

"ಸುಮ್ನ ಕುಂತಿದ್ರ ನನಗ ಗೊತ್ತಾಕ್ಕಿತ್ತೇನು? ಆದ್ರೂ ಹೇಳಿದಾ. ಹುಡುಗ ಚಲೋ ಅದಾನ" ಎಂದು ನನ್ನ ಕಡೆ ತಿರುಗಿ, "ನಿನಗೇನ ಅನಸ್ತೈತಿ ಯವ್ವಾ?" ಎಂದು ಕೇಳಿದ.

ನನಗೂ ಹುಡುಗ ಹಿಡಿಸಿದ್ದ. ಆದರೆ ಒಂದು ವಿಷಯ ಮೊದಲೇ ತೀರ್ಮಾನವಾಗಬೇಕಿತ್ತು. "ನನಗ ಒಪ್ಪಿಗಿ ಐತಿ. ಆದ್ರ ನಾಳೆ ನೀ ನಮ್ಮ ಮನಿಗೆ ಬಂದ್ರ ನೀರರೆ ಕುಡಿತೀಯೋ ಇಲ್ಲೋ?"

"ನಿನ್ನ ಮನ್ಯಾಗ ನೀ ಕೊಟ್ಟಿದ್ದು ಉಂತೀನಿ. ನನ್ನ ರೊಕ್ಕದ್ಲೆ ನಾ ಏನ ತರತೀನಿ, ಅದಷ್ಟಽ ನನ್ನ ಹೊಣಿ" ಎಂದ ಅಪ್ಪ.

ಮದುವೆಯಾಯಿತು. ಬೆಳಗಾವಿಯಲ್ಲಿ ಹಿಂಡಲಗಾದ ಕಡೆ ಬಾಡಿಗೆ ಮನೆ ಮಾಡಿದೆವು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಮೊದಲು ಖಾನಾಪುರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದವಳಿಗೆ ಈಗ ಹಾದಿ ಹತ್ತಿರವಾಯಿತು. ಗಂಡ ಬೆಳಿಗ್ಗೆ ರವಿವಾರ ಪೇಟೆಯ ಗೋದಾಮಿಗೆ ಹೋಗಿ, ಅಲ್ಲಿಂದ ಬೈಕಿನ ಮೇಲೆ ಲೈನಿಗೆ ಹೊರಡುತ್ತಿದ್ದರು. ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ಬರೆದುಕೊಳ್ಳುವುದಕ್ಕೆ ಅವರಲ್ಲಿ ಲೈನ್ ಎನ್ನುತ್ತಾರೆ. ಖಾನಾಪುರ, ನಂದಗಡ ಎರಡೂ ಅವರ ಲೈನಿನಲ್ಲೇ ಇದ್ದವು. ಆ ಕಡೆ ಹೋದ ದಿನ ಮಧ್ಯಾಹ್ನದ ಊಟ ನನ್ನ ತವರಿನಲ್ಲಿ. ಮೊದಮೊದಲು ಅವರು ಸ್ಯಾಂಪಲ್ಲಿನ ಚೀಲವನ್ನು ಹೊರಗೆ ಬೈಕಿನಲ್ಲೇ ಬಿಟ್ಟು ಒಳಗೆ ಬರುತ್ತಿದ್ದರಂತೆ. ಒಂದು ದಿನ ಅಪ್ಪನೇ, "ಅಳಿಯಾರ, ಚೀಲ ಒಳಗ ತರ್ರಿ, ಮಳಿ ಬರಾಕತ್ತೈತಿ. ನಾ ಕೊಳ್ಳೂದಿಲ್ಲ ಅಂದೀನಿ, ತೋಯಸ್ರಿ ಅಂತ ಅಂದಿಲ್ಲ" ಎಂದನಂತೆ. ಅಂದಿನಿಂದ ಚೀಲ ಪಡಸಾಲೆಗೆ ಬರತೊಡಗಿತು.

ಅಪ್ಪ ನಮ್ಮ ಮನೆಗೆ ಬಂದಾಗ ಕೊಟ್ಟ ಮಾತಿನಂತೆಯೇ ನಡೆದುಕೊಂಡ. ನಮ್ಮಲ್ಲಿ ಎಣ್ಣೆ, ಹಿಟ್ಟು, ಚಹಾ ಎಲ್ಲ ಕಂಪನಿಯದೇ. ಬಡಿಸಿದ್ದನ್ನು ಉಂಡು, ಪಲ್ಯ ಚೆನ್ನಾಗಿದೆ ಎಂದು ಹೇಳಿ ಹೋದ.

ತೊಂದರೆ ನಾನೇ ತಂದೆ. ಮದುವೆಯ ನಂತರದ ಮೊದಲ ಪಂಚಮಿಗೆ ತವರಿಗೆ ಹೋಗುವಾಗ ಅವ್ವನಿಗೆಂದು ಒಂದು ದೊಡ್ಡ ಚೀಲ ಬಟ್ಟೆ ತೊಳೆಯುವ ಪುಡಿ ಒಯ್ದೆ. ಕಂಪನಿಯವರು ನೌಕರರಿಗೆ ಹಬ್ಬಕ್ಕೆ ಕೊಟ್ಟದ್ದು. ಅಪ್ಪ ಅದನ್ನು ಮೆಲ್ಲಗೆ ನನ್ನ ಬ್ಯಾಗಿನ ಪಕ್ಕಕ್ಕೆ ಸರಿಸಿಟ್ಟ. "ಹೋಗಬೇಕಾದ್ರ ಒಯ್ಯಿ. ಇಲ್ಲಿ ಬ್ಯಾಡ."

ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಆ ದಿನ ಅವಳು ಕನ್ನಡದಲ್ಲೇ ಸಿಟ್ಟಾದಳು. ಅಪ್ಪನಿಗೆ ಪೂರ್ತಿ ತಿಳಿಯಲಿ ಎಂದೇ ಇರಬೇಕು.

"ಬಿಟ್ಟಾಂವ ಅಂತ ಹೆಸರು ನಿಮಗ. ಒಗಿಯಾಕಿ ಯಾರು? ಈ ಬೋರಿನ ನೀರಾಗ ನಿಮ್ಮ ಆ ಸಾಬಣ ನೊರಿ ಬಿಡತೈತೇನು? ನಿಮ್ಮ ಹಟಕ್ಕ ನನ್ನ ರಟ್ಟಿ ಬಿದ್ದ ಹೋಗ್ಯಾವ. ಒಂದಿನಾರೆ ಕೇಳೀರೇನು?"

ಅಪ್ಪ ಎದ್ದು ಅಂಗಳಕ್ಕೆ ಹೋದ. ಸೋತವನು ಪುಡಿಯ ಚೀಲ ಒಳಗಿಟ್ಟುಕೊಳ್ಳುತ್ತಾನೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಬಡಿಯುವ ಸದ್ದು ಕೇಳಿ ಹೋಗಿ ನೋಡಿದರೆ ಅಪ್ಪ ಲುಂಗಿ ಎತ್ತಿಕಟ್ಟಿಕೊಂಡು ಒಗೆಯುವ ಕಲ್ಲಿನ ಮುಂದೆ ನಿಂತಿದ್ದ. ತನ್ನ ಬಟ್ಟೆ ಮಾತ್ರವಲ್ಲ, ಅವ್ವನ ಸೀರೆಯೂ ಇತ್ತು. ಬಾಜೂಮನೆಯ ಹೆಂಗಸರು ಗೋಡೆಯ ಮೇಲಿಂದ ನೋಡಿ ನಗುತ್ತಿದ್ದರು. ಅವ್ವ ನಾಚಿಕೊಂಡು, "ಸಾಕ ಬಿಡ್ರಿ, ಮಂದಿ ನೋಡಾಕತ್ತಾರ" ಎಂದಳು. "ನೋಡ್ಲಿ. ನನ್ನ ಹಟ, ನಾನಽ ಒಗೀತೀನಿ" ಎಂದ. ಅಂದಿನಿಂದ ಆ ಮನೆಯಲ್ಲಿ ಬಟ್ಟೆ ಒಗೆಯುವುದು ಅಪ್ಪನ ಕೆಲಸ. ಮೊದಲ ವಾರ ಅವನ ಬಿಳಿ ಅಂಗಿಗಳೆಲ್ಲ ಅವ್ವನ ಸೀರೆಯ ಬಣ್ಣಕ್ಕೆ ತಿರುಗಿದ್ದವು.

ಹೀಗೆ ಎಲ್ಲವೂ ಒಂದು ಹದಕ್ಕೆ ಬಂದಿದ್ದಾಗ ಆ ಕಂಪನಿಯ ಮಾಲೀಕ ಇನ್ನೊಂದು ವೇದಿಕೆಯ ಮೇಲೆ ಕಾಣಿಸಿಕೊಂಡ. ಈ ಸಲ ಅಪ್ಪನಿಗೆ ಬೇಕಾದ ಪಕ್ಷದ ವೇದಿಕೆ. ಅವರಿಗೂ ದೇಣಿಗೆ ಕೊಟ್ಟ ಸುದ್ದಿ ಬಂತು. ಮೊದಲಿನ ಪಕ್ಷದವರಿಗೆ ಇದು ದ್ರೋಹವಾಗಿ ಕಂಡಿತು. ಎರಡೇ ದಿನದಲ್ಲಿ ಎಲ್ಲರ ಮೊಬೈಲಿಗೂ ಆ ಕಂಪನಿಯ ಸಾಮಾನು ಬಹಿಷ್ಕರಿಸಿ ಎಂಬ ಸಂದೇಶ ಬಂತು. ನಮ್ಮ ಲ್ಯಾಬಿನ ಗುಂಪಿಗೂ ಬಂತು. ಕಳಿಸಿದವನಿಗೆ ನನ್ನ ಗಂಡ ಎಲ್ಲಿ ಕೆಲಸ ಮಾಡುತ್ತಾರೆಂದು ಚೆನ್ನಾಗಿ ಗೊತ್ತಿತ್ತು.

ನಾನಾಗ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಮಗಳನ್ನು ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ದಿನಾ ಸಂಜೆ ಅಪ್ಪನ ಜೊತೆ ಸ್ಟೇಷನ್ ರಸ್ತೆಯಲ್ಲಿ ಕೂಡುವ ಗೆಳೆಯರೊಬ್ಬರು ಮಗುವನ್ನು ನೋಡಲು ಬಂದವರು ಅಪ್ಪನನ್ನು ಕೆಣಕಿದರು. "ಇನ್ನೇನಪಾ, ಮಾಲಕ ನಮ್ಮ ಕಡೆ ಬಂದಾ. ಇನ್ನ ಮ್ಯಾಲ ಧಾರಾಳ ತಗೋ. ಅಳಿಯಗೂ ಚಲೋ ಆಕ್ಕೈತಿ."

"ಆವಾಗ ಅವರಿಗೆ ಕೊಟ್ಟಿದ್ದು ತಪ್ಪಾದ್ರ, ಈಗ ನಮ್ಮವರಿಗೆ ಕೊಟ್ಟಿದ್ದು ಹೆಂಗ ಬರೋಬ್ಬರಿ ಆಕ್ಕೈತಿ?" ಎಂದ ಅಪ್ಪ. "ಅಂವ ಎಲ್ಲಾರ ಕೈಯೂ ಹಿಡಿಯಾಂವ. ನಂದೂ ಹಿಡೀಲಿ ಅಂತೀಯೇನು?"

ಅದಾಗಿ ಸ್ವಲ್ಪ ದಿನಕ್ಕೆ ನಾಲ್ಕೈದು ಹುಡುಗರು ಮನೆಗೆ ಬಂದರು. ಅಪ್ಪನಿಗೆ ಬೇಡವಾದ ಆ ಪಕ್ಷದವರು. ಪರಿಚಯದ ಮನೆಗಳ ಹುಡುಗರೇ, ಕುಂಕುಮ ಹಚ್ಚಿಕೊಂಡು, ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂತರು. ಅವರಲ್ಲಿ ಮುಂದಾಳಿನಂತಿದ್ದವನು, "ಕಾಕಾ, ನಾವು ಈಗ ಬಿಟ್ಟೇವಿ, ನೀವು ಎಷ್ಟೋ ವರ್ಷದ ಹಿಂದಽ ಬಿಟ್ಟೀರಂತ ಗೊತ್ತಾತು. ನಿಮ್ಮದೊಂದು ವಿಡಿಯೋ ಮಾಡೂಣು. ಹಿರ್ಯಾರು ಹೇಳಿದ್ರ ಮಂದಿ ಕೇಳತಾರ" ಎಂದ.

ಅಪ್ಪ ನನ್ನನ್ನು ಕರೆದು ಅವರಿಗೆ ಚಹಾ ಮಾಡಲು ಅವ್ವನಿಗೆ ಹೇಳೆಂದ. ಆಮೇಲೆ, "ಖರೇ ಐತಿ, ನಾ ಬಿಟ್ಟೀನಿ. ಯಾಕ ಬಿಟ್ಟೀನಿ ಗೊತ್ತೈತೇನು? ಅಂವ ನಿಮ್ಮ ಪಕ್ಷಕ್ಕ ರೊಕ್ಕ ಕೊಟ್ಟಾ ಅಂತ ಬಿಟ್ಟೀನಿ. ವಿಡಿಯೋದಾಗ ಅದನ್ನಽ ಹೇಳತೀನಿ, ನಡೀತೈತೇನು?" ಎಂದು ಕೇಳಿದ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಚಹಾ ಕುಡಿದು, ಮಗುವಿನ ಕೈಗೆ ನೋಟು ಇಟ್ಟು ಹೋದರು. ಅಪ್ಪನೂ ನಗುತ್ತಲೇ ಕಳಿಸಿದ. ಆ ದಿನ ನಮಗದು ತಮಾಷೆಯಾಗಿಯೇ ಕಂಡಿತ್ತು.

ಗಂಡನಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅಂಗಡಿಯವರು ಆರ್ಡರ್ ಕೊಡುವುದನ್ನು ನಿಲ್ಲಿಸುತ್ತ ಬಂದರು. ಯಾರಿಗೂ ಕಂಪನಿಯ ಮೇಲೆ ದ್ವೇಷವಿರಲಿಲ್ಲ. "ಸಾಹೇಬ್ರ, ಒಂದೀಟು ತಣ್ಣಗಾಗ್ಲಿ, ಆಮ್ಯಾಲ ನೋಡೂಣು. ಸುಮ್ನ ಯಾಕ ತಂಟೆ?" ಎನ್ನುತ್ತಿದ್ದರು. ಮೇಲಿನವರು ಬೆಳಗಾವಿಯ ಆಫೀಸಿನಲ್ಲಿ ಕೂತು ಮಾರಾಟ ಏಕೆ ಬಿದ್ದಿತೆಂದು ಫೋನಿನಲ್ಲಿ ಕೂಗಾಡುತ್ತಿದ್ದರು.

ನಂದಗಡದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಗಂಡ ಮತ್ತು ಅಪ್ಪ ಬೇರೆ ಬೇರೆಯಾಗಿ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ. ಅದು ಸಂತೆಯ ದಿನ. ತೊಟ್ಟಿಲ ಕಾರ್ಯಕ್ಕೆಂದು ಬೇಳೆ, ಮೆಣಸಿನಕಾಯಿ ತರಲು ಅಪ್ಪ ಅಳಿಯನ ಬೈಕಿನ ಹಿಂದೆ ಕೂತು ಹೋಗಿದ್ದ. ಗಂಡ ಅಲ್ಲಿಯ ಹಳೆಯ ಜೈನ ಸಾವಕಾರರ ಕಿರಾಣಿ ಅಂಗಡಿಯಲ್ಲಿ ಆರ್ಡರ್ ಕೇಳುತ್ತ ನಿಂತಿದ್ದಾಗ ಹುಡುಗರ ಗುಂಪೊಂದು ಬಂತು. ನಮ್ಮ ಮನೆಗೆ ಬಂದಿದ್ದವರಲ್ಲಿ ಇಬ್ಬರು ಅದರಲ್ಲಿದ್ದರು. ಆ ಕಂಪನಿಯ ಮಾಲನ್ನು ಅಂಗಡಿಯಿಂದ ತೆಗೆದು ಹೊರಗೆ ಹಾಕಿ, ಎಲ್ಲರೆದುರು ಸುಡಬೇಕೆಂದು ಹಟ ಹಿಡಿದರು.

"ನಾ ರೊಕ್ಕ ಕೊಟ್ಟ ತಂದಿದ್ದಪ್ಪಾ ಇದು. ಇದನ್ನ ಸುಟ್ರ ಕಂಪನಿಗೇನು ಹೋಗತೈತಿ?" ಎಂದರು ಸಾವಕಾರರು. ಗಂಡ ನಡುವೆ ಬಂದು, ಮಾಲನ್ನು ತಾನೇ ವಾಪಸು ಒಯ್ಯುತ್ತೇನೆ, ಸುಡುವುದು ಬೇಡ ಎಂದರು. ಯಾರೋ ಅವರ ಕೊರಳಲ್ಲಿದ್ದ ಕಂಪನಿಯ ಕಾರ್ಡು ಹಿಡಿದು ಜಗ್ಗಿದರು. ಇನ್ನೊಬ್ಬ ಒಳಗಿಂದ ಸಾಬೂನಿನ ಡಬ್ಬಿ ಎಳೆದು ರಸ್ತೆಗೆ ಒಗೆದ. ಡಬ್ಬಿ ಒಡೆದು ಸಾಬೂನುಗಳೆಲ್ಲ ಮಣ್ಣಿನಲ್ಲಿ ಬಿದ್ದವು.

ಗದ್ದಲ ಕೇಳಿ ಅಪ್ಪ ಮೆಣಸಿನಕಾಯಿಯ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಚೀಲ ಇಳಿಸಿ, ಕೂತು, ಬಿದ್ದ ಸಾಬೂನುಗಳನ್ನು ಒಂದೊಂದಾಗಿ ಎತ್ತಿ, ಪಂಚೆಯಿಂದ ಮಣ್ಣು ಒರೆಸಿ ಡಬ್ಬಿಗೆ ಹಾಕತೊಡಗಿದ. ಮನೆಗೆ ಬಂದಿದ್ದ ಹುಡುಗನೊಬ್ಬ ಗುರುತು ಹಿಡಿದು, "ಕಾಕಾ, ನೀವೂ ಬಿಟ್ಟಾವ್ರಽ ಅಲ್ಲೇನ್ರಿ? ಏನ ಮಾಡಾಕತ್ತೀರಿ?" ಎಂದ.

"ಬಿಡೂದು ಅಂದ್ರ ನನ್ನ ಚೀಲದಾಗ ಹಾಕ್ಕೊಳ್ಳಲಾರದ್ದು" ಎಂದ ಅಪ್ಪ. "ಇನ್ನೊಬ್ಬರ ಅಂಗಡ್ಯಾಗ ಕೈ ಹಾಕೂದಕ್ಕ ಬ್ಯಾರೆ ಹೆಸರೈತಿ. ನಿಮಗ ಬ್ಯಾಡಾದ್ರ ಕೊಳ್ಳಬ್ಯಾಡ್ರಿ. ಮಂದಿಗೆ ಹೇಳ್ರಿ, ಕೇಳಿದ್ರ ಕೇಳ್ತಾರ, ಇಲ್ಲಾದ್ರ ಇಲ್ಲ. ಆ ಹುಡುಗನ ಕೊರಳಾಗಿಂದ ಕೈ ತಗಿ ಮೊದಲ."

ಸಂತೆಗೆ ಬಂದ ಮಂದಿ ಸುತ್ತ ನೆರೆದಿದ್ದರು. ಕಾರ್ಡು ಹಿಡಿದಿದ್ದವನು ಕೈಬಿಟ್ಟ. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಹಿಂದಿನಿಂದ ಯಾರೋ, "ಇಂವ ನಿಮಗೇನಾಗಬೇಕ್ರಿ ಅಜ್ಜಾರ?" ಎಂದು ಕೇಳಿದರು. ಅಪ್ಪ ಸುಳ್ಳು ಹೇಳುವವನಲ್ಲ. "ಅಳಿಯಾ" ಎಂದ.

ಗುಂಪೆಲ್ಲ ನಕ್ಕುಬಿಟ್ಟಿತು. "ಓಹೋ, ಅದಕ್ಕಽ!" ಎಂದು ಒಬ್ಬ ಕೂಗಿದ. ನಗುತ್ತಲೇ ಅವರು ಮುಂದಿನ ಅಂಗಡಿಗೆ ಹೋದರು. ಸಾಬೂನು ಉಳಿಯಿತು. ಆದರೆ ಅಪ್ಪ ನೆಲದ ಮೇಲೆ ಕೂತು ಸಾಬೂನು ಒರೆಸುವುದನ್ನು ಒಬ್ಬ ಮೊಬೈಲಿನಲ್ಲಿ ಹಿಡಿದಿದ್ದ. ಇವರಿಬ್ಬರೂ ಖಾನಾಪುರಕ್ಕೆ ಬರುವ ಮೊದಲೇ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದರ ಕೆಳಗೆ, ಬಹಿಷ್ಕಾರದ ನಾಟಕವಾಡುತ್ತ ಅಳಿಯನ ಕಂಪನಿ ಕಾಯುವ ಮುದುಕ ಎಂದು ಬರೆದಿದ್ದರು. ವಿಡಿಯೋದಲ್ಲಿ ಅಪ್ಪನ ಮಾತು ಒಂದೂ ಇರಲಿಲ್ಲ. ಮಾತಿನ ಬದಲು ಯಾವುದೋ ನಗೆಯ ಸದ್ದು ಹಾಕಿದ್ದರು.

ಅಪ್ಪ ಅದನ್ನು ನನ್ನ ಮೊಬೈಲಿನಲ್ಲೇ ನೋಡಿದ. ಕೊಡಬಾರದೆಂದಿದ್ದೆ, ಬಿಡದೆ ಕೇಳಿ ಇಸಿದುಕೊಂಡ. ನೋಡಿ, ಮೊಬೈಲು ನನ್ನ ಕೈಗಿಟ್ಟು, ಮೆಣಸಿನಕಾಯಿಯ ಚೀಲ ಒಳಗಿಟ್ಟು ಬಂದು ಪಡಸಾಲೆಯಲ್ಲಿ ಕೂತ. ವರ್ಷಗಟ್ಟಲೆ ಪೊಟ್ಟಣ ತಿರುವಿ ತಿರುವಿ ನೋಡಿ ಕೊಂಡವನು, ತನ್ನ ಕೈಯಾರೆ ಬಟ್ಟೆ ಒಗೆದವನು, ಈಗ ಊರ ಬಾಯಲ್ಲಿ ಕಂಪನಿಯ ಮನುಷ್ಯನಾಗಿದ್ದ. ಆಮೇಲೆ ಬಹಳ ದಿನ ಸಂಜೆ ಸ್ಟೇಷನ್ ರಸ್ತೆಗೆ ಹೋಗಲಿಲ್ಲ. ತೊಟ್ಟಿಲ ಕಾರ್ಯದ ದಿನವೂ ಬಂದವರೊಡನೆ ಹೆಚ್ಚು ಮಾತಾಡಲಿಲ್ಲ.

ಅವ್ವನೇ ಒಂದು ದಿನ, "ಹೆಂಗೂ ಕಂಪನಿಯಾಂವ ಅಂತ ಹೆಸರು ಬಂದೈತಿ. ಇನ್ನ ಮ್ಯಾಲರೆ ಚಲೋ ಸಾಬಣ ತಗೊಂಡ ಬರ್ರಿ" ಎಂದಳು. ಕೆಣಕಲಿಕ್ಕೆ ಹೇಳಿದ್ದಲ್ಲ, ಅವನನ್ನು ಆ ಮೌನದಿಂದ ಎಬ್ಬಿಸಬೇಕಿತ್ತು ಅವಳಿಗೆ.

"ಮಂದಿಗೆ ತೋರಿಸಾಕ ಬಿಟ್ಟಿದ್ನೇನು, ಮಂದಿ ನಕ್ಕರಂತ ಹಿಡಿಯಾಕ?" ಎಂದು ಅಪ್ಪ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದ. ಅವ್ವ ಈ ಸಲ ತಾನೂ ಹಿಂದೆ ಹೋಗಿ, ಒಗೆದದ್ದನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

ಗಂಡನಿಗೆ ಅಪ್ಪನ ಮುಖ ನೋಡಲು ಕಷ್ಟವಾಗುತ್ತಿತ್ತು. ಊಟಕ್ಕೆ ಬರುವುದನ್ನೇ ತಪ್ಪಿಸತೊಡಗಿದರು. ಅಪ್ಪ ಒಮ್ಮೆ ಖಾನಾಪುರದ ಪೇಟೆಯಲ್ಲಿ ಅವರ ಬೈಕು ಕಂಡು, ಅಂಗಡಿಯ ಮುಂದೆಯೇ ನಿಂತು ಕಾದು ಮನೆಗೆ ಕರೆತಂದ. ಊಟದ ನಡುವೆ ಗಂಡ, "ಮಾವಾರ, ನನ್ನ ಸಲುವಾಗಿ ನಿಮಗ ಹಿಂಗಾತು. ಕೆಲಸ ಬಿಟ್ಟಬಿಡ್ಲೇನ್ರಿ?" ಎಂದರು. ಅಪ್ಪನಿಗೆ ಸಿಟ್ಟು ಬಂತು. "ನಿಮ್ಮ ಕೆಲಸ ಬಿಡ್ರಿ ಅಂತ ಯಾವತ್ತರೆ ಅಂದೀನೇನು ನಾ? ರೊಟ್ಟಿ ಹಚ್ಕೋರಿ."

ಬಹಿಷ್ಕಾರ ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಹೋಯಿತು. ಹುಡುಗರಿಗೆ ಬೇರೆ ಯಾವುದೋ ಸುದ್ದಿ ಸಿಕ್ಕಿತು. ದೀಪಾವಳಿಯ ಹೊತ್ತಿಗೆ ನಂದಗಡದ ಸಾವಕಾರರ ಅಂಗಡಿಯಲ್ಲಿ ಅದೇ ಸಾಬೂನು ಮುಂದಿನ ಸಾಲಿನಲ್ಲಿತ್ತು. ಆದರೆ ಬಿದ್ದ ಮಾರಾಟದ ಲೆಕ್ಕವನ್ನು ಕಂಪನಿ ಮರೆಯಲಿಲ್ಲ. ಗಂಡನನ್ನು ವಿಜಯಪುರಕ್ಕೆ ವರ್ಗ ಮಾಡಿದರು. ಶನಿವಾರ ರಾತ್ರಿ ಬಸ್ಸು ಹತ್ತಿ ಬರುವುದು, ರವಿವಾರ ಸಂಜೆ ಹೋಗುವುದು. ಮಗಳು ಅವರನ್ನು ಕಂಡರೆ ಹೊರಗಿನವರೆಂದು ಅಳತೊಡಗಿದಳು. ಹೀಗೆ ಒಂದು ವರ್ಷ ತಳ್ಳಿ, ಅವರು ರಾಜೀನಾಮೆ ಕೊಟ್ಟು ಬೆಳಗಾವಿಯಲ್ಲೇ ಪೇಡೆ, ಶ್ರೀಖಂಡ ಮಾಡುವ ಸಣ್ಣ ಡೈರಿಯೊಂದಕ್ಕೆ ಸೇರಿದರು. ಪಗಾರ ಕಡಿಮೆ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ.

ಸುದ್ದಿ ಹೇಳಲು ನಾವು ಮೂವರೂ ಖಾನಾಪುರಕ್ಕೆ ಹೋದೆವು. ಅಪ್ಪ ಖುಷಿಯಾಗುತ್ತಾನೆ ಎಂದುಕೊಂಡಿದ್ದೆ. ಅವನು ಹುಬ್ಬು ಗಂಟಿಕ್ಕಿ, "ನನ್ನ ಸಲುವಾಗಿ ಬಿಟ್ಟೀರೇನು?" ಎಂದು ಕೇಳಿದ.

"ಇಲ್ರಿ ಮಾವಾರ. ಮಗಳ ಸಲುವಾಗಿ."

"ಹಂಗಾದ್ರ ಬರೋಬ್ಬರಿ" ಎಂದು ಅಪ್ಪ ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ತಡೆಯಲಾರದೆ, "ಆ ಡೈರಿ ಮಾಲಕರು ಯಾವ ಪಕ್ಷಕ್ಕ ದೇಣಿಗಿ ಕೊಡ್ತಾರ?" ಎಂದ.

"ನಮಗ ಪಗಾರಾನಽ ವ್ಯಾಳ್ಯಾಕ್ಕ ಕೊಡಾಂಗಿಲ್ರಿ. ದೇಣಿಗಿ ಎಲ್ಲಿಂದ ಕೊಡ್ತಾರ?" ಎಂದರು ಗಂಡ.

ಅಪ್ಪ ಜೋರಾಗಿ ನಕ್ಕ. ನಂದಗಡದ ಆ ಸಂತೆಯ ನಂತರ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮಗುವೂ ಅವನ ಮುಖ ನೋಡಿ ನಗತೊಡಗಿತು. ಮುಂದಿನ ಸಲ ಬರುವಾಗ ಅರ್ಧ ಕಿಲೋ ಪೇಡೆ ತರಲು ಹೇಳಿ, ಬೇಡವೆಂದರೂ ಕೇಳದೆ ಅಳಿಯನ ಕಿಸೆಗೆ ದುಡ್ಡು ತುರುಕಿದ. ಅಷ್ಟರಲ್ಲಿ ಅವ್ವ ಒಳಗಿಂದ ಊಟಕ್ಕೆ ಕರೆದಳು.